ಎತ್ತು ನೋಡಿ ಗಾಡಿ ಕಟ್ಟಿ

ಮೇ ತಿಂಗಳ ರಜೆ ಹತ್ತಿರವಾದರೆ ಮುಂಬಯಿಯ ಮಾಟುಂಗದ ಕನ್ನಡಿಗರ ಮನೆಗಳಲ್ಲಿ ಊರಿನ ಮಾತು ಶುರುವಾಗುತ್ತದೆ. ಮತ್ಸ್ಯಗಂಧ ರೈಲಿಗೆ ಟಿಕೆಟ್ ಸಿಕ್ಕೀತೇ ಎಂಬ ಹಳೆಯ ಚಿಂತೆಯ ಜೊತೆಗೆ ಈಗ ಕೆಲವರಿಗೆ ಹೊಸದೊಂದು ಆಸೆ ಹುಟ್ಟಿದೆ. ಕಾರಿನ ಹಿಂದೆ ಕ್ಯಾಂಪರ್ ಟ್ರೇಲರ್ ಸಿಕ್ಕಿಸಿಕೊಂಡು, ದಾರಿಯಲ್ಲಿ ಒಂದೆರಡು ರಾತ್ರಿ ತಂಗಿ, ಕುಂದಾಪುರವನ್ನೋ ಉಡುಪಿಯನ್ನೋ ಸೇರುವ ಆಸೆ. 2021ರಲ್ಲಿ ಮಹಾರಾಷ್ಟ್ರ ಸರ್ಕಾರ ಕ್ಯಾರವಾನ್ ಪ್ರವಾಸೋದ್ಯಮ ನೀತಿ ತಂದಿತು. ಕೇರಳವೂ ಅದೇ ವರ್ಷ ಅದೇ ಹಾದಿ ಹಿಡಿಯಿತು. ಆಸೆಯಲ್ಲಿ ತಪ್ಪೇನಿಲ್ಲ. ಅದಕ್ಕೆ ಕಾರು ಆರಿಸುವ ರೀತಿ ಮಾತ್ರ ತಪ್ಪು, ಜೀವಕ್ಕೆ ಎರವಾಗುವಂಥ ತಪ್ಪು.

ಭಾವು ದಾಜಿ ರಸ್ತೆಯಲ್ಲಿ, ಮೈಸೂರು ಅಸೋಸಿಯೇಷನ್ನಿನಿಂದ ಕೂಗಳತೆಯ ದೂರದಲ್ಲಿ, ಒಂದು ನಸುಕಿನಲ್ಲಿ ಕಂಡ ದೃಶ್ಯ ಇನ್ನೂ ಕಣ್ಣಲ್ಲಿದೆ. ಏಳು ಸೀಟಿನ ಸಾಧಾರಣ ಪೆಟ್ರೋಲ್ ಕಾರು. ಹಿಂದೆ ಎರಡು ಗಾಲಿಯ ಟ್ರೇಲರ್. ಅದನ್ನು ಸಿಕ್ಕಿಸುವ ಕೊಕ್ಕೆಯನ್ನು ಬಂಪರಿನ ಒಳಗಿನ ತೆಳು ತಗಡಿಗೆ ವೆಲ್ಡ್ ಮಾಡಿಸಿದ್ದರು. ಕೊಕ್ಕೆ ಕಳಚಿದರೆ ತಡೆದು ನಿಲ್ಲಿಸುವ ಸರಪಳಿ ಇರಲಿಲ್ಲ. ಕಾರಿನ ಹಿಂಭಾಗ ನೆಲದತ್ತ ಕುಸಿದು, ಹೆಡ್‌ಲೈಟಿನ ಬೆಳಕು ಎದುರಿನ ಕಟ್ಟಡದ ಮೊದಲ ಮಹಡಿಯ ಕಿಟಕಿಗೆ ಬೀಳುತ್ತಿತ್ತು. ಒಳಗೆ ಅಜ್ಜಿ, ಇಬ್ಬರು ಮಕ್ಕಳು. ಕೇಳಿದ್ದಕ್ಕೆ ಮನೆಯ ಯಜಮಾನರು ಹೇಳಿದ್ದು ಇಷ್ಟೇ: "ಎಂಜಿನ್‌ಗೆ ಪವರ್ ಉಂಟು ಮಾರಾಯ್ರೆ, ಆರಾಮಲ್ಲಿ ಎಳೆಯುತ್ತದೆ."

ಎಳೆಯುತ್ತದೆ, ನಿಜ. ಸಮತಟ್ಟು ರಸ್ತೆಯಲ್ಲಿ ಯಾವ ಕಾರೂ ಎಳೆದೀತು. ಯಲ್ಲಾಪುರ ದಾಟಿ ಅಂಕೋಲೆಗೆ ಅರಬೈಲ್ ಘಟ್ಟ ಇಳಿಯುವಾಗ ಟ್ರೇಲರ್ ಕಾರನ್ನು ಹಿಂದಿನಿಂದ ನೂಕತೊಡಗುತ್ತದೆ. ಟ್ರೇಲರಿಗೆ ಸ್ವಂತ ಬ್ರೇಕ್ ಇಲ್ಲದಿದ್ದರೆ ಅದರ ಪೂರ್ತಿ ಭಾರವನ್ನು ಕಾರಿನ ಬ್ರೇಕೇ ತಡೆಯಬೇಕು. ತಿರುವಿನಿಂದ ತಿರುವಿಗೆ ಪೆಡಲ್ ಒತ್ತುತ್ತಲೇ ಹೋದರೆ ಡಿಸ್ಕ್ ಕಾದು, ಬ್ರೇಕ್ ಆಯಿಲ್ ಕುದಿದು, ಪೆಡಲ್ ಮೆತ್ತಗಾಗಿ ಕಾಲಡಿಗೆ ಇಳಿದುಬಿಡುತ್ತದೆ. ಆಗ ಎಂಜಿನ್ನಿನ ಪವರ್ ಯಾರನ್ನೂ ಕಾಯುವುದಿಲ್ಲ.

ನಮ್ಮ ಹಿರಿಯರಿಗೆ ಈ ಲೆಕ್ಕ ಹೊಸದಲ್ಲ. ಎತ್ತಿನ ಗಾಡಿಗೆ ಹೇರು ಹೇರುವಾಗ ಭಾರ ಹಿಂದಾದರೆ ಮೂಕಿ ಮೇಲೆದ್ದು ಎತ್ತುಗಳ ಕೊರಳು ಬಿಗಿಯುತ್ತದೆ, ಮುಂದಾದರೆ ನೊಗ ಹೆಗಲನ್ನು ಜಗ್ಗುತ್ತದೆ ಎಂಬುದು ಪ್ರತಿ ಗಾಡಿಯವನಿಗೂ ಗೊತ್ತಿತ್ತು. ಟ್ರೇಲರಿನದೂ ಅದೇ ಮಾತು. ಅದರ ಒಟ್ಟು ತೂಕದ ಶೇ. 10ರಿಂದ 15ರಷ್ಟು ಕೊಕ್ಕೆಯ ಮೇಲೆ ಕೂರಬೇಕು. ಕಡಿಮೆಯಾದರೆ ಟ್ರೇಲರ್ ಬಾಲ ಬೀಸಿದಂತೆ ಅತ್ತಿತ್ತ ಓಲಾಡುತ್ತದೆ, ಕೊನೆಗೆ ಕಾರನ್ನೂ ತಿರುಗಿಸಿಬಿಡುತ್ತದೆ. 700 ಕಿಲೋ ಟ್ರೇಲರ್ ಎಂದರೆ ಕೊಕ್ಕೆಯ ಮೇಲೆ ಸುಮಾರು 80 ಕಿಲೋ. ಏಳು ಜನಕ್ಕೆ 420, ಗಂಟುಮೂಟೆಗೆ 100 ಸೇರಿಸಿ: 600 ಕಿಲೋ. ಏಳು ಸೀಟಿನ ಸಾಧಾರಣ ಕಾರು ಹೊರಬಲ್ಲದ್ದು ಸುಮಾರು ಐದೂವರೆ ಕ್ವಿಂಟಾಲ್. ಮಾಟುಂಗದ ಗಲ್ಲಿ ದಾಟುವ ಮೊದಲೇ ಲೆಕ್ಕ ತಪ್ಪಿತು.

ಹೆಸರಿಗೆ ಮರುಳಾಗುವುದು ಇನ್ನೊಂದು ತಪ್ಪು. ಇನ್ನೋವಾ ಕ್ರಿಸ್ಟಾ ಮತ್ತು ಇನ್ನೋವಾ ಹೈಕ್ರಾಸ್ ಒಂದೇ ಮನೆತನದವು, ಆದರೆ ಎಲುಬು ಬೇರೆ. ಕ್ರಿಸ್ಟಾದ ಮೈ ಲಾರಿಯಂತೆ ಉಕ್ಕಿನ ಚಾಸಿಯ ಮೇಲೆ ಕೂತಿದೆ. ಡೀಸೆಲ್ ಎಂಜಿನ್, 343 ನ್ಯೂಟನ್ ಮೀಟರ್ ಟಾರ್ಕ್, ಎಳೆಯುವುದು ಹಿಂದಿನ ಗಾಲಿ. 2022ರ ಕೊನೆಯಲ್ಲಿ ಬಂದ ಹೈಕ್ರಾಸಿಗೆ ಪ್ರತ್ಯೇಕ ಚಾಸಿ ಇಲ್ಲ, ಎಳೆಯುವುದು ಮುಂದಿನ ಗಾಲಿ. ಸುಖವಾದ ಕಾರು, ಸಂದೇಹವಿಲ್ಲ. ಆದರೆ ಕೊಕ್ಕೆಯ ಭಾರ ಹಿಂಭಾಗವನ್ನು ಒತ್ತಿದಾಗ ಮುಂಭಾಗ ಹಗುರಾಗುತ್ತದೆ. ಮಳೆಯಲ್ಲಿ ನೆಂದ ಏರಿನಲ್ಲಿ ಮುಂದಿನ ಗಾಲಿ ಹಿಡಿತ ಕಳೆದುಕೊಳ್ಳುವುದು ಹಾಗೆ.

ಆದ್ದರಿಂದ ನಮ್ಮ ತೀರ್ಪು ಸ್ಪಷ್ಟ. ಘಟ್ಟದ ದಾರಿಯಲ್ಲಿ ಕ್ಯಾಂಪರ್ ಎಳೆಯಲೇಬೇಕೆಂದರೆ ಚಾಸಿಯುಳ್ಳ, ಹಿಂದಿನ ಅಥವಾ ನಾಲ್ಕೂ ಗಾಲಿ ಎಳೆಯುವ ಡೀಸೆಲ್ ವಾಹನವೇ ಬೇಕು: ಕ್ರಿಸ್ಟಾ, ಸ್ಕಾರ್ಪಿಯೋ-ಎನ್, ಫಾರ್ಚುನರ್ ಈ ಸಾಲಿನವು. ಅವುಗಳಲ್ಲೂ ಕಂಪನಿಯ ಒಪ್ಪಿಗೆಯನ್ನು ಕೇಳಿಯೇ ಮುಂದುವರಿಯಬೇಕು. ಕೊಕ್ಕೆಯನ್ನು ಚಾಸಿಗೇ ಬೋಲ್ಟ್ ಹಾಕಿ ಬಿಗಿಯಬೇಕು. ಟ್ರೇಲರಿಗೆ ಅದರದೇ ಬ್ರೇಕ್ ಇರಬೇಕು, ಅದರ ತೂಕ ಕಾರಿನ ತೂಕಕ್ಕಿಂತ ಕಡಿಮೆ ಇರಬೇಕು. ಅದಕ್ಕೂ ಆರ್‌ಟಿಒ ನೋಂದಣಿ ಬೇಕು, 1988ರ ಮೋಟಾರು ವಾಹನ ಕಾಯ್ದೆಯ ಕಣ್ಣಿಗೆ ಅದೂ ಒಂದು ವಾಹನವೇ. ಇಷ್ಟು ಹೊಂದಿಸಲಾಗದ ಕುಟುಂಬ ಕ್ಯಾಂಪರಿನ ಯೋಚನೆಯನ್ನೇ ಬಿಡಬೇಕು. ವರ್ಷಕ್ಕೆ ಒಂದು ಸಲದ ಪ್ರಯಾಣಕ್ಕೆ ಅದನ್ನು ಕೊಂಡು ಉಳಿದ ಹನ್ನೊಂದು ತಿಂಗಳು ನಿಲ್ಲಿಸುವುದೆಲ್ಲಿ ಎಂಬುದೂ ಸಣ್ಣ ಪ್ರಶ್ನೆಯಲ್ಲ. ಕಾರಿಗೇ ಜಾಗವಿಡದ ಕಾಲದಲ್ಲಿ ಕಟ್ಟಿದ ಕಟ್ಟಡಗಳು ನಮ್ಮವು.

ಕಾರು ಕಂಪನಿಗಳ ಹೊಣೆಯೂ ಕಡಿಮೆಯಲ್ಲ. ಇಲ್ಲಿ ತಯಾರಾದ ಸ್ಕಾರ್ಪಿಯೋವನ್ನು ಆಸ್ಟ್ರೇಲಿಯಾದಲ್ಲಿ ಮಾರುವಾಗ, ಬ್ರೇಕುಳ್ಳ ಟ್ರೇಲರಾದರೆ 2,500 ಕಿಲೋವರೆಗೆ ಎಳೆಯಬಹುದೆಂದು ಸ್ಪಷ್ಟವಾಗಿ ತಿಳಿಸುತ್ತಾರೆ. ಮುಂಬಯಿಯ ಗಿರಾಕಿಗೆ ಅಂಥ ಅಂಕಿ ಶೋರೂಮಿನ ಕರಪತ್ರದಲ್ಲಿ ಹುಡುಕಿದರೂ ಸಿಗುವುದು ಕಷ್ಟ. ಅಲ್ಲಿನವರ ಜೀವಕ್ಕೆ ಇರುವ ಬೆಲೆ ಇಲ್ಲಿನವರ ಜೀವಕ್ಕೂ ಇದೆ. ಎಷ್ಟು ಎಳೆಯಬಹುದು, ಎಳೆಯಲೇಬಾರದೇ ಎಂಬುದನ್ನು ಪ್ರತಿ ಕಾರಿನ ಕರಪತ್ರದಲ್ಲೂ ಮುದ್ರಿಸುವುದನ್ನು ಕೇಂದ್ರ ಸಾರಿಗೆ ಸಚಿವಾಲಯ ಕಡ್ಡಾಯ ಮಾಡಬೇಕು.

ಅಲ್ಲಿಯವರೆಗೆ ನೀವೇ ಕೇಳಿ, ಬರವಣಿಗೆಯಲ್ಲಿ ಕೇಳಿ. ಉತ್ತರ ಬರದಿದ್ದರೆ ಕೊಕ್ಕೆ ಬಿಚ್ಚಿಸಿ, ಅಜ್ಜಿಗೂ ಮಕ್ಕಳಿಗೂ ಮತ್ಸ್ಯಗಂಧದಲ್ಲಿ ಸೀಟು ಕಾದಿರಿಸಿ.