ಹೊಲ ಮಾರಿಸುವವರಿಗೆ ಪರವಾನಗಿ ಬೇಡವೆ?

ಆಸ್ತಿ ವ್ಯವಹಾರದ ವೃತ್ತಿಗಳಿಗೆ ರಾಷ್ಟ್ರವ್ಯಾಪಿ ಲೈಸೆನ್ಸು: ಹಾನಗಲ್ ಭಾಗದ ದೃಷ್ಟಿಯಿಂದ

ಹಾನಗಲ್ ಕೃಷಿ ಉತ್ಪನ್ನ ಮಾರುಕಟ್ಟೆಯಲ್ಲಿ ರೈತನ ಒಂದು ಚೀಲ ಗೋವಿನಜೋಳವನ್ನು ಮಾರಿಸಿಕೊಡಬೇಕಾದರೆ ದಲಾಲರಿಗೆ ಲೈಸೆನ್ಸು ಇರಬೇಕು. 1966ರ ಕೃಷಿ ಉತ್ಪನ್ನ ಮಾರುಕಟ್ಟೆ ಅಧಿನಿಯಮದಂತೆ ಅವರು ಮಾರುಕಟ್ಟೆ ಸಮಿತಿಯಿಂದ ಪರವಾನಗಿ ಪಡೆಯಬೇಕು, ಲೆಕ್ಕ ಇಡಬೇಕು, ಪಟ್ಟಿ ಬರೆದು ಕೊಡಬೇಕು. ತಪ್ಪಿ ನಡೆದರೆ ಲೈಸೆನ್ಸು ರದ್ದಾಗುವ ಭಯ ಇದ್ದೇ ಇರುತ್ತದೆ. ಆದರೆ ಆ ಗೋವಿನಜೋಳ ಬೆಳೆದ ನಾಲ್ಕು ಎಕರೆ ಹೊಲವನ್ನೇ ಮಾರಿಸಿಕೊಡುವ ಮಧ್ಯವರ್ತಿಗೆ ಯಾವ ಲೈಸೆನ್ಸೂ ಬೇಕಿಲ್ಲ, ಯಾವ ಲೆಕ್ಕವೂ ಬೇಕಿಲ್ಲ. ಒಂದು ಋತುವಿನ ಬೆಳೆಗೆ ಇರುವ ರಕ್ಷಣೆ ತಲೆಮಾರುಗಳ ಆಸ್ತಿಗೆ ಇಲ್ಲವೆಂಬುದು ವಿಚಿತ್ರವಾದರೂ ಸತ್ಯ.

ಆಸ್ತಿ ವ್ಯವಹಾರದ ವೃತ್ತಿಗಳಿಗೆಲ್ಲ ದೇಶಾದ್ಯಂತ ನಡೆಯುವ ಒಂದೇ ಲೈಸೆನ್ಸು ಇರಲಿ ಎಂಬ ವಿಚಾರ ಆಗಾಗ ಕೇಳಿಬರುತ್ತದೆ. ತತ್ತ್ವತಃ ಅದನ್ನು ವಿರೋಧಿಸಲು ಕಾರಣವಿಲ್ಲ. ಹುಬ್ಬಳ್ಳಿಯ ಏಜೆಂಟನೊಬ್ಬ ಬೆಳಗಾವಿಯ ಆಚೆಗೆ ಕೊಲ್ಹಾಪುರದಲ್ಲಿಯೋ ಗೋವೆಯಲ್ಲಿಯೋ ನಿವೇಶನ ಮಾರಿಸಬೇಕಾದರೆ ಮತ್ತೊಮ್ಮೆ ಅರ್ಜಿ, ಮತ್ತೊಮ್ಮೆ ಶುಲ್ಕ ಎಂಬುದು ವ್ಯಾಪಾರಕ್ಕೆ ಅಡಚಣೆಯೇ ಸರಿ. ಆದರೆ ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರಿನಂಥ ತಾಲ್ಲೂಕುಗಳ ದೃಷ್ಟಿಯಿಂದ ನೋಡಿದಾಗ, ಲೈಸೆನ್ಸು ಎಷ್ಟು ದೂರ ನಡೆಯುತ್ತದೆ ಎಂಬುದಕ್ಕಿಂತ ಯಾವ ಭೂಮಿಗೆ ನಡೆಯುತ್ತದೆ ಎಂಬ ಪ್ರಶ್ನೆ ಮೊದಲು ಬರುತ್ತದೆ.

ಇಂದಿನ ಸ್ಥಿತಿ

ಆಸ್ತಿಗೆ ಸಂಬಂಧಿಸಿದ ವೃತ್ತಿಗಳಲ್ಲಿ ಕೆಲವು ಈಗಾಗಲೇ ರಾಷ್ಟ್ರೀಯ ಸ್ವರೂಪ ಪಡೆದಿವೆ. ಕಂಪನಿ ಕಾಯ್ದೆಯ ಅಡಿ ಭೂಮಿ ಹಾಗೂ ಕಟ್ಟಡಗಳ ಬೆಲೆ ಕಟ್ಟುವ ನೋಂದಾಯಿತ ಮೌಲ್ಯಮಾಪಕರಿಗೆ 2017ರ ನಿಯಮಗಳಂತೆ ದೇಶಕ್ಕೆಲ್ಲ ಒಂದೇ ಪರೀಕ್ಷೆ, ಒಂದೇ ನೋಂದಣಿ. ಹಕ್ಕುಪತ್ರ ಪರಿಶೀಲಿಸುವ ವಕೀಲರು 1961ರ ಅಧಿನಿಯಮದಂತೆ ರಾಜ್ಯ ಪರಿಷತ್ತಿನಲ್ಲಿ ಹೆಸರು ದಾಖಲಿಸುತ್ತಾರೆ, ಅಖಿಲ ಭಾರತ ಪರೀಕ್ಷೆಗೆ ಕೂಡುತ್ತಾರೆ, ದೇಶದ ಯಾವ ನ್ಯಾಯಾಲಯದಲ್ಲಾದರೂ ವಕಾಲತ್ತು ನಡೆಸುತ್ತಾರೆ. ಖರೀದಿ ಪತ್ರ ಬರೆಯುವ ದಸ್ತಾವೇಜು ಬರಹಗಾರರಿಗೂ, 11-ಇ ನಕ್ಷೆ ತಯಾರಿಸುವ ಪರವಾನಗಿ ಭೂಮಾಪಕರಿಗೂ ರಾಜ್ಯ ಸರ್ಕಾರದ ಲೈಸೆನ್ಸು ಇದೆ.

ಉಳಿದವರು ಮಧ್ಯವರ್ತಿಗಳು. ಇವರಿಗಾಗಿ ಸಂಸತ್ತು 2016ರಲ್ಲಿ ರಿಯಲ್ ಎಸ್ಟೇಟ್ (ನಿಯಂತ್ರಣ ಮತ್ತು ಅಭಿವೃದ್ಧಿ) ಅಧಿನಿಯಮವನ್ನು, ಅಂದರೆ ಜನ ‘ರೇರಾ’ ಎಂದು ಕರೆಯುವ ಕಾಯ್ದೆಯನ್ನು ಅಂಗೀಕರಿಸಿತು. ಅದು 2017ರ ಮೇ 1ರಿಂದ ಪೂರ್ಣವಾಗಿ ಜಾರಿಗೆ ಬಂದಿತು. ಅದರ 9ನೆಯ ಕಲಮಿನಂತೆ ಏಜೆಂಟರು ನೋಂದಣಿ ಮಾಡಿಸಬೇಕು. ತಪ್ಪಿದರೆ ದಿನಕ್ಕೆ ರೂ. 10,000ದಂತೆ, ತಾವು ಮಾರಿಸಿದ ಆಸ್ತಿಯ ಬೆಲೆಯ ಶೇ. 5ರವರೆಗೂ ದಂಡ ತೆರಬೇಕು. ನೋಂದಣಿಯಾದರೆ ಅದು ಇಡೀ ರಾಜ್ಯಕ್ಕೆ ಅನ್ವಯಿಸುತ್ತದೆ. ಗಡಿ ದಾಟಿದರೆ ಅನ್ವಯಿಸದು.

ಆದರೆ ಈ ನೋಂದಣಿಯ ಹಿಡಿತ ಬಹು ಕಿರಿದು. ರೇರಾದಲ್ಲಿ ನೋಂದಣಿಯಾಗಬೇಕಾದ ಯೋಜನೆಗಳ ನಿವೇಶನ, ಮನೆಗಳನ್ನು ಮಾರಿಸುವವರಿಗೆ ಮಾತ್ರ ಅದು ಕಡ್ಡಾಯ. ಆ ಯೋಜನೆ 500 ಚದರ ಮೀಟರಿಗಿಂತ, ಅಂದರೆ ಸುಮಾರು 5 ಗುಂಟೆಗಿಂತ, ಹೆಚ್ಚಿನ ಜಾಗೆಯಲ್ಲಿರಬೇಕು ಮತ್ತು ಮುಖ್ಯವಾಗಿ ಯೋಜನಾ ಪ್ರದೇಶದೊಳಗೆ ಇರಬೇಕು. ಪೇಟೆಯ ಹಳೆಯ ಮನೆಯ ಮಾರಾಟ, ಒಬ್ಬರು ಕೊಂಡ ನಿವೇಶನದ ಮರುಮಾರಾಟ, ಹಳ್ಳಿಯ ಗದ್ದೆ, ಮಾವಿನ ತೋಪು, ಅಡಿಕೆ ತೋಟ ಇವೆಲ್ಲ ಅದರ ಹೊರಗೇ ಉಳಿದವು. ಹಾನಗಲ್ ತಾಲ್ಲೂಕಿನಲ್ಲಿ ಭೂಮಿಯ ವ್ಯವಹಾರವೆಂದರೆ ಬಹುಪಾಲು ಇವೇ ತಾನೆ!

ಕೃಷಿಭೂಮಿ ಏಕೆ ಹೊರಗುಳಿಯಿತು?

ಇದು ಕೇವಲ ಮರೆವಿನಿಂದ ಆದದ್ದಲ್ಲ. ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಭೂಮಿ ರಾಜ್ಯಗಳ ವಿಷಯವಾಗಿದೆ. ಆಸ್ತಿಯ ವರ್ಗಾವಣೆ, ಒಪ್ಪಂದ ಹಾಗೂ ಏಜೆನ್ಸಿ ಸಮವರ್ತಿ ಪಟ್ಟಿಯಲ್ಲಿದ್ದರೂ ಅಲ್ಲಿ ಕೃಷಿಭೂಮಿಯನ್ನು ಸ್ಪಷ್ಟವಾಗಿ ಹೊರಗಿಡಲಾಗಿದೆ. ಆದ್ದರಿಂದ ದೆಹಲಿಯಲ್ಲಿ ನಾಳೆಯೇ ರಾಷ್ಟ್ರೀಯ ಲೈಸೆನ್ಸಿನ ಕಾಯ್ದೆಯಾದರೂ ಅದು ಹಾನಗಲ್ಲಿನ ಹೊಲದ ಬದುವಿನವರೆಗೆ ಬರಲಾರದು. ಆ ಕೊರತೆಯನ್ನು ತುಂಬುವ ಅಧಿಕಾರವೂ ಹೊಣೆಯೂ ವಿಧಾನಸಭೆಯದೇ ಆಗಿದೆ.

ಈ ಹೊಣೆ 2020ರ ಬಳಿಕ ಹೆಚ್ಚು ಭಾರವಾಗಿದೆ. ಆ ವರ್ಷ ಕರ್ನಾಟಕ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ತಂದು 79ಎ ಹಾಗೂ 79ಬಿ ಕಲಮುಗಳನ್ನು ಕೈಬಿಡಲಾಯಿತು. ರೈತರಲ್ಲದವರೂ ಸಾಗುವಳಿ ಭೂಮಿ ಕೊಳ್ಳಲು ಅದರಿಂದ ದಾರಿಯಾಯಿತು. ಅದಕ್ಕೆ ಮೊದಲು ಕೊಳ್ಳುವವನು ಬಹುತೇಕ ಪಕ್ಕದ ಊರಿನವನೇ ಆಗಿರುತ್ತಿದ್ದ. ಹೊಲದ ಗಡಿ, ಮನೆತನದ ವಾಟ್ನಿ, ಬಾವಿಯ ಪಾಲು ಅವನಿಗೆ ಗೊತ್ತಿರುತ್ತಿದ್ದವು. ದೂರದ ನಗರದಿಂದ ಬರುವವನಿಗೆ ಇವು ಗೊತ್ತಿರುವುದಿಲ್ಲ. ಅವನು ಮಧ್ಯವರ್ತಿಯ ಮಾತನ್ನೇ ನಂಬಬೇಕು. ಮಾರುವ ರೈತನೂ ಪೇಟೆಯ ಧಾರಣೆ ತಿಳಿಯದೆ ಅದೇ ಮಾತನ್ನು ನಂಬಬೇಕು. ಇಬ್ಬರ ನಂಬಿಕೆಯೂ ಒಬ್ಬನ ಮೇಲೆ ನಿಂತಿರುವಾಗ ಆ ಒಬ್ಬನಿಗೆ ಯಾವ ಉತ್ತರದಾಯಿತ್ವವೂ ಇಲ್ಲದಿರುವುದು ಅಪಾಯಕರ.

ಒಂದು ಹೊಲದ ವ್ಯವಹಾರ

ಒಂದು ಸರ್ವೆ ನಂಬರಿನ ಎರಡು ಎಕರೆ ಮಾರಾಟಕ್ಕೆ ಬಂದಿದೆಯೆಂದು ಇಟ್ಟುಕೊಂಡರೆ, ದಲ್ಲಾಳಿಗೆ ತಿಳಿದಿರಬೇಕಾದ ಸಂಗತಿಗಳು ಎಷ್ಟೆಂಬುದು ಗೊತ್ತಾಗುತ್ತದೆ. ಉತಾರದಲ್ಲಿ ಹಿರಿಯ ಮಗನ ಹೆಸರು ಮಾತ್ರ ಇರಬಹುದು; ಆದರೆ 1994ರ ರಾಜ್ಯ ತಿದ್ದುಪಡಿ ಮತ್ತು 2005ರ ಕೇಂದ್ರ ತಿದ್ದುಪಡಿಗಳ ಬಳಿಕ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಉಂಟು. ಅವರ ಸಹಿ ಇಲ್ಲದ ಖರೀದಿ ಪತ್ರ ಮುಂದೆ ದಾವೆಗೆ ದಾರಿಯಾಗುತ್ತದೆ. ಭೂಮಿ ಸರ್ಕಾರದಿಂದ ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದದ್ದಾದರೆ 1978ರ ಪರಭಾರೆ ನಿಷೇಧ ಅಧಿನಿಯಮದಂತೆ ಸರ್ಕಾರದ ಪೂರ್ವಾನುಮತಿ ಬೇಕು. 2023ರ ತಿದ್ದುಪಡಿಯಿಂದ ಅಂಥ ಮಾರಾಟವನ್ನು ಪ್ರಶ್ನಿಸಲು ಕಾಲಮಿತಿಯ ತಡೆಯೂ ಇಲ್ಲವಾಯಿತು. ನಂಬರಿನ ಒಂದು ಭಾಗವನ್ನಷ್ಟೇ ಮಾರುವುದಾದರೆ 11-ಇ ನಕ್ಷೆ ಆಗಬೇಕು. ಮನೆ ಕಟ್ಟುವುದಾದರೆ ಬಿನ್‌ಶೇತಕಿ ಆಗಬೇಕು.

ಇವುಗಳಲ್ಲಿ ಒಂದನ್ನು ಮರೆತರೂ ವ್ಯವಹಾರ ಅರ್ಧಕ್ಕೆ ನಿಲ್ಲುತ್ತದೆ. ಅಷ್ಟರಲ್ಲಿ ಸಂಚಕಾರದ ಹಣ ಕೈ ಬದಲಾಗಿರುತ್ತದೆ. ಮಗಳ ಮದುವೆಗೋ ಸಾಲ ತೀರಿಸುವುದಕ್ಕೋ ರೈತ ಅದನ್ನು ಖರ್ಚು ಮಾಡಿರುತ್ತಾನೆ. ಕೊಳ್ಳುವವನು ಹಣ ಹಿಂದಿರುಗಿಸೆಂದು ಮನೆ ಬಾಗಿಲಿಗೆ ಬರುತ್ತಾನೆ. ದಲ್ಲಾಳಿ ಮಾತ್ರ ತನ್ನ ಶೇಕಡಾವಾರು ಪಡೆದು ಮುಂದಿನ ಹೊಲಕ್ಕೆ ಹೋಗಿರುತ್ತಾನೆ. ಅವನ ಹೆಸರು ಸಂಚಕಾರ ಪತ್ರದಲ್ಲಿಯೂ ಇರುವುದಿಲ್ಲ, ಖರೀದಿ ಪತ್ರದಲ್ಲಿಯೂ ಇರುವುದಿಲ್ಲ. ನ್ಯಾಯಾಲಯದಲ್ಲಿ ವರ್ಷಗಟ್ಟಲೆ ನಿಲ್ಲುವವರು ಮಾರಿದವನು ಮತ್ತು ಕೊಂಡವನು.

ಗಮನಿಸಬೇಕಾದ ಸಂಗತಿಯೆಂದರೆ, ಮೇಲೆ ಹೇಳಿದ ನಿಯಮಗಳಲ್ಲಿ ಹೆಚ್ಚಿನವು ಕರ್ನಾಟಕದವೇ. ದೇಶಕ್ಕೆಲ್ಲ ಒಂದೇ ಪ್ರಶ್ನೆಪತ್ರಿಕೆ ಇಟ್ಟರೆ ಅದರಲ್ಲಿ ಇವು ಬರಲಾರವು.

ಆಸ್ಟ್ರೇಲಿಯದ ಪಾಠ

ಇಂಥ ಪ್ರಯೋಗವೊಂದನ್ನು ಆಸ್ಟ್ರೇಲಿಯ ಮಾಡಿ ನೋಡಿದೆ. ಅಲ್ಲಿಯೂ ರಾಜ್ಯಕ್ಕೊಂದು ಲೈಸೆನ್ಸು ಇತ್ತು. 2008ರಲ್ಲಿ ಒಕ್ಕೂಟ ಮತ್ತು ರಾಜ್ಯ ಸರ್ಕಾರಗಳು ರಾಷ್ಟ್ರೀಯ ವೃತ್ತಿ ಲೈಸೆನ್ಸಿಗೆ ಒಪ್ಪಿದವು. 2009ರ ಏಪ್ರಿಲ್‌ನಲ್ಲಿ ಒಡಂಬಡಿಕೆಯಾಯಿತು. ವಿದ್ಯುತ್, ಕೊಳಾಯಿ ಕೆಲಸದವರ ಜೊತೆಗೆ ಆಸ್ತಿ ಏಜೆಂಟರೂ ಮೊದಲ ಕಂತಿನಲ್ಲಿಯೇ ಸೇರಿದ್ದರು. ಆದರೆ ಎಲ್ಲ ರಾಜ್ಯಗಳಿಗೂ ಒಪ್ಪುವ ಮಟ್ಟವನ್ನು ಹುಡುಕಹೊರಟಾಗ ಅರ್ಹತೆ ಕೆಳಗಿಳಿಯುತ್ತದೆಂದು ವೃತ್ತಿಯವರೇ ಆಕ್ಷೇಪಿಸಿದರು. 2013ರ ಡಿಸೆಂಬರ್‌ನಲ್ಲಿ ಬಹುಪಾಲು ರಾಜ್ಯಗಳು ಹಿಂದೆ ಸರಿದು ಯೋಜನೆಯನ್ನು ಕೈಬಿಡಲಾಯಿತು. ಕೊನೆಗೆ 2021ರ ಜುಲೈ 1ರಿಂದ ಅಲ್ಲಿ ಜಾರಿಗೆ ಬಂದ ಕಾನೂನು ಬೇರೆ ಬಗೆಯದು: ಒಂದು ರಾಜ್ಯದ ಲೈಸೆನ್ಸನ್ನು ಇನ್ನೊಂದು ಮನ್ನಿಸುತ್ತದೆ, ಆದರೆ ಕೆಲಸ ಮಾಡುವ ನೆಲದ ಕಾನೂನನ್ನು ವೃತ್ತಿಯವನು ಪಾಲಿಸಬೇಕು. ಒಂದೇ ಭಾಷೆಯ, ಬೆರಳೆಣಿಕೆಯ ರಾಜ್ಯಗಳ ದೇಶದಲ್ಲಿಯೇ ಹೀಗಾದರೆ ಭಾರತದಲ್ಲಿ ಅವಸರ ಸಲ್ಲದು.

ಲೈಸೆನ್ಸಿನ ಭೀತಿ

ವ್ಯಾಪಾರಸ್ಥರಿಗೆ ಲೈಸೆನ್ಸು ಎಂಬ ಶಬ್ದವೇ ಅಪಥ್ಯ. ಮತ್ತೊಂದು ಕಚೇರಿ, ಮತ್ತೊಬ್ಬ ಅಧಿಕಾರಿ, ಮತ್ತೊಂದು ನವೀಕರಣ ಎಂಬ ಅವರ ಅಳುಕು ಅನುಭವದಿಂದ ಬಂದದ್ದು, ಅದನ್ನು ತಳ್ಳಿಹಾಕುವಂತಿಲ್ಲ. ಕರ್ನಾಟಕದ 2017ರ ರೇರಾ ನಿಯಮಗಳು ಏಜೆಂಟನ ನೋಂದಣಿಗೆ ವ್ಯಕ್ತಿಗೆ ರೂ. 25,000, ಸಂಸ್ಥೆಗೆ ರೂ. 2 ಲಕ್ಷ ಶುಲ್ಕ ವಿಧಿಸಿದವು. ಬೆಂಗಳೂರಿನಲ್ಲಿ ಒಂದು ಫ್ಲ್ಯಾಟು ಮಾರಿಸಿದರೆ ಈ ಹಣ ಹುಟ್ಟುತ್ತದೆ. ವರ್ಷಕ್ಕೆ ಎರಡೋ ಮೂರೋ ಹೊಲ ಮಾರಿಸುವ, ಉಳಿದ ದಿನ ಕಿರಾಣಿ ಅಂಗಡಿಯನ್ನೋ ಒಕ್ಕಲುತನವನ್ನೋ ನೋಡಿಕೊಳ್ಳುವ ಅಕ್ಕಿಆಲೂರಿನ ಮಧ್ಯವರ್ತಿಗೆ ಅದು ಬಲು ಭಾರ. ಅದೇ ಶುಲ್ಕವನ್ನು ಅವನ ಮೇಲೂ ಹೇರಿದರೆ ಅವನು ಕದ್ದು ವ್ಯವಹರಿಸುತ್ತಾನೆ, ಇಲ್ಲವೆ ನಗರದ ದೊಡ್ಡ ಸಂಸ್ಥೆಗಳಿಗೆ ಜಾಗ ಬಿಟ್ಟುಕೊಡುತ್ತಾನೆ. ಎರಡರಿಂದಲೂ ರೈತನಿಗೆ ಒಳಿತಾಗದು. ಪ್ರಾಮಾಣಿಕ ಮಧ್ಯವರ್ತಿಗಳು ಊರೂರಿನಲ್ಲಿ ಇದ್ದಾರೆ. ಮೋಸಗಾರನಿಂದ ಅವರನ್ನು ಬೇರೆ ಮಾಡಿ ತೋರಿಸುವ ಗುರುತು ಇಲ್ಲದಿರುವುದು ಅವರಿಗೂ ನಷ್ಟವೇ.

ಆಗಬೇಕಾದದ್ದು

ಮೊದಲನೆಯದಾಗಿ, ಕೃಷಿಭೂಮಿಯೂ ಮರುಮಾರಾಟವೂ ಒಳಗೊಳ್ಳುವಂತೆ ರಾಜ್ಯ ಸರ್ಕಾರ ಮಧ್ಯವರ್ತಿಗಳ ಕಾಯ್ದೆಯೊಂದನ್ನು ತರಬೇಕು. ಕೃಷಿ ಮಾರುಕಟ್ಟೆಗಳ ವಿಷಯದಲ್ಲಿ ಕೇಂದ್ರವು 2003ರಲ್ಲಿಯೂ 2017ರಲ್ಲಿಯೂ ಮಾದರಿ ಕಾಯ್ದೆಗಳನ್ನು ರಾಜ್ಯಗಳ ಮುಂದಿಟ್ಟಿತ್ತು. ಭೂಮಿಯ ವಿಷಯದಲ್ಲಿಯೂ ಕೇಂದ್ರ ಅದೇ ಮಾರ್ಗ ಹಿಡಿಯಬಹುದು. ಸಂವಿಧಾನಕ್ಕೂ ಭಂಗವಿಲ್ಲ, ರಾಜ್ಯಗಳ ಕಾಯ್ದೆಗಳಲ್ಲಿ ಸಾಮ್ಯವೂ ಬರುತ್ತದೆ.

ಎರಡನೆಯದಾಗಿ, ಲೈಸೆನ್ಸು ಮೆಟ್ಟಿಲು ಮೆಟ್ಟಿಲಾಗಿ ಇರಬೇಕು. ತಾಲ್ಲೂಕಿಗೆ ಸೀಮಿತವಾದದ್ದಕ್ಕೆ ಅಲ್ಪ ಶುಲ್ಕ, ರಾಜ್ಯಕ್ಕೆ ಹೆಚ್ಚಿನ ಶುಲ್ಕ, ಹೊರರಾಜ್ಯಕ್ಕೆ ಪರಸ್ಪರ ಮನ್ನಣೆ. ಪರೀಕ್ಷೆ ಕನ್ನಡದಲ್ಲಿ ನಡೆಯಬೇಕು. ಉತಾರ, ವಾಟ್ನಿ, ಪರಭಾರೆ ನಿಷೇಧ, 11-ಇ ನಕ್ಷೆಗಳ ತಿಳಿವಳಿಕೆಯೇ ಅದರ ತಿರುಳಾಗಿರಬೇಕು. ಮಹಾರಾಷ್ಟ್ರದ ರೇರಾ ಪ್ರಾಧಿಕಾರ 2023ರಲ್ಲಿ ಏಜೆಂಟರಿಗೆ ತರಬೇತಿ ಮತ್ತು ಪರೀಕ್ಷೆ ಕಡ್ಡಾಯಗೊಳಿಸಿ ದಾರಿ ತೋರಿಸಿದೆ. ಬಹುಕಾಲದ ಅನುಭವವಿದ್ದು ಬರವಣಿಗೆ ಬಾರದವರಿಗೆ ಮೌಖಿಕ ಪರೀಕ್ಷೆಯ ಅವಕಾಶವಿರಲಿ.

ಮೂರನೆಯದು ಅತಿ ಸರಳವಾದದ್ದು. ಸಂಚಕಾರ ಪತ್ರದಲ್ಲಿಯೂ ಖರೀದಿ ಪತ್ರದಲ್ಲಿಯೂ ಮಧ್ಯವರ್ತಿಯ ಹೆಸರು, ಲೈಸೆನ್ಸು ನಂಬರು, ಪಡೆದ ದಲ್ಲಾಳಿ ನಮೂದಾಗಬೇಕು. ಮಧ್ಯವರ್ತಿ ಇಲ್ಲದಿದ್ದರೆ ಇಲ್ಲವೆಂದೇ ಬರೆಯಲಿ. ಹೊಸ ಕಚೇರಿಯಾಗಲಿ ಹೊಸ ಅಧಿಕಾರಿಯಾಗಲಿ ಇದಕ್ಕೆ ಬೇಕಿಲ್ಲ. ಉಪನೋಂದಣಿ ಕಚೇರಿಯ ದಾಖಲೆಯೇ ಸಾಕ್ಷಿಯಾಗುತ್ತದೆ.

ಈ ಮೂರು ಆದ ಮೇಲೆ ರಾಷ್ಟ್ರೀಯ ಲೈಸೆನ್ಸು ಬರಲಿ, ಸ್ವಾಗತಾರ್ಹ. ಇವು ಆಗದೆ ಅದು ಬಂದರೆ ಮಹಾನಗರಗಳ ಏಜೆಂಟರಿಗೆ ಅನುಕೂಲವಾದೀತು. ಹಾನಗಲ್ಲಿನ ರೈತ ಇಂದಿನಂತೆಯೇ ಬರಿಯ ಬಾಯಿಮಾತನ್ನು ನಂಬಿ ಹೆಬ್ಬೆಟ್ಟು ಒತ್ತಬೇಕಾಗುತ್ತದೆ. ಮಾರುಕಟ್ಟೆಯ ಲೈಸೆನ್ಸಿನ ಕಷ್ಟವನ್ನೂ ಪ್ರಯೋಜನವನ್ನೂ ಬಲ್ಲ ದಲಾಲ ವರ್ತಕರೇ ಈ ಬೇಡಿಕೆಯನ್ನು ಮುಂದಿಟ್ಟರೆ ಅದಕ್ಕೆ ತೂಕ ಹೆಚ್ಚು. ವಾಣಿಜ್ಯ ಸಂಸ್ಥೆಗಳು ಕಂದಾಯ ಇಲಾಖೆಗೆ ಸಲ್ಲಿಸುವ ಮುಂದಿನ ಮನವಿಯಲ್ಲಿ ಈ ವಿಷಯಕ್ಕೆ ಒಂದು ಪ್ಯಾರಾ ಮೀಸಲಿಡುವುದು ಉಚಿತವಾದೀತು.