ಸಮುದ್ರಕ್ಕೆ ಹೋದ ನೀರು ವೇಸ್ಟ್ ಅಲ್ಲ

ಭಾಗ 1/6
"ನದಿ ನೀರು ಸುಮ್ನೆ ಸಮುದ್ರಕ್ಕೆ ಹೋಗಿ ವೇಸ್ಟ್ ಆಗ್ತಿದೆ." ಚುನಾವಣಾ ಭಾಷಣದಲ್ಲಿ, ಟಿವಿ ಚರ್ಚೆಯಲ್ಲಿ, ಕಾಲೇಜ್ ಡಿಬೇಟಲ್ಲಿ, ಎಲ್ಲಾ ಕಡೆ ಇದೇ ಮಾತು. ಯಾರೂ ಎದ್ದು ನಿಂತು "ಹೇಗೆ ವೇಸ್ಟ್?" ಅಂತ ಕೇಳಲ್ಲ. ಆದರೆ ಈ ಒಂದು ಮಾತಿನ ಮೇಲೆ ಸಾವಿರಾರು ಕೋಟಿಯ ಯೋಜನೆಗಳು ನಿಂತಿವೆ. ಎತ್ತಿನಹೊಳೆಯ ಮೊದಲ ಹಂತ 2024ರ ಸೆಪ್ಟೆಂಬರಲ್ಲಿ ಉದ್ಘಾಟನೆ ಆಯ್ತು. ಬೇಡ್ತಿ–ವರದಾ, ಅಘನಾಶಿನಿ–ವೇದಾವತಿ ಜೋಡಣೆಯ ಪ್ರಸ್ತಾಪಗಳೂ ಇವೆ. ಹಾಗಾಗಿ ಇವತ್ತು ಆ ಮಾತಿನ ಜೊತೆಗೇ ಜಗಳ. ಉದ್ದ ಇದೆ, ಪೂರ್ತಿ ಓದಿ 👇

ಭಾಗ 2/6: ಆ ನೀರು ಏನು ಕೆಲಸ ಮಾಡುತ್ತೆ?
ಮಳೆಗಾಲದಲ್ಲಿ ಘಟ್ಟದಿಂದ ಇಳಿಯುವ ಕೆಂಪು ನೀರು ಬರೀ ನೀರಲ್ಲ. ಅದರಲ್ಲಿ ಮರಳಿದೆ, ಮೆಕ್ಕಲು ಮಣ್ಣಿದೆ, ಕಾಡಿನ ಎಲೆ ಕೊಳೆತ ಸಾರ ಇದೆ, ಕಲ್ಲು ಸವೆದು ಕರಗಿದ ಸಿಲಿಕಾ ಇದೆ. ಸಿಲಿಕಾ ಇಲ್ಲದೆ ಡಯಾಟಮ್ ಅನ್ನೋ ಸೂಕ್ಷ್ಮ ಪಾಚಿ ತನ್ನ ಕವಚ ಕಟ್ಟೋಕೆ ಆಗಲ್ಲ. ಆ ಪಾಚಿ ಬೂತಾಯಿ ಮೀನಿನ ಊಟ. ಸೀಗಡಿ ಕಡಲಲ್ಲಿ ಮೊಟ್ಟೆ ಇಟ್ಟರೂ ಎಷ್ಟೋ ಜಾತಿಯ ಮರಿಗಳು ಬೆಳೆಯೋದು ಸಿಹಿನೀರು, ಉಪ್ಪುನೀರು ಬೆರೆಯುವ ಅಳಿವೆಯಲ್ಲಿ. ನಾವು ರೀಲ್ಸ್ ಮಾಡೋ ಬೀಚಿನ ಮರಳನ್ನ ಹೊತ್ತು ತರೋದೂ ನದಿಯೇ. ನದಿ ಸೊರಗಿದರೆ ಕಡಲಿನ ಉಪ್ಪು ಒಳಗೆ ಏರುತ್ತೆ, ದಡದ ಬಾವಿಗಳು ಉಪ್ಪಾಗುತ್ತವೆ.
ಇಷ್ಟು ದುಡಿಯೋ ನೀರು "ವೇಸ್ಟ್" ಅಂತೆ!

ಭಾಗ 3/6: ಒಂದೇ ಜಿಲ್ಲೆ, ಎರಡು ಅಳಿವೆ
ಇದು ಬರೀ ಥಿಯರಿ ಅಂತೀರಾ? ಉತ್ತರ ಕನ್ನಡಕ್ಕೆ ಬನ್ನಿ. ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂತು. ಕರೆಂಟಿಗಾಗಿ ವರ್ಷವಿಡೀ ನೀರು ಬಿಟ್ಟು ಬಿಟ್ಟು ಅಳಿವೆಯ ಉಪ್ಪಿನಂಶ ಇಳಿದುಹೋಯ್ತು, ಚಿಪ್ಪೆಕಲ್ಲಿನ ಹಲವು ಜಾತಿಗಳು ಅಲ್ಲಿ ಉಳಿಯಲಿಲ್ಲ. ಇದನ್ನ ದಾಖಲಿಸಿದ್ದು ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು. ಪಕ್ಕದ ಅಘನಾಶಿನಿಗೆ ದೊಡ್ಡ ಅಣೆಕಟ್ಟೇ ಇಲ್ಲ. ಅಲ್ಲಿ ಇವತ್ತಿಗೂ ಸಾವಿರಾರು ಜನ ಚಿಪ್ಪೆಕಲ್ಲು ಹೆಕ್ಕಿ ಬದುಕ್ತಾರೆ, ಗಜನಿ ಗದ್ದೆಯಲ್ಲಿ ಉಪ್ಪು ತಡೆಯುವ ಕಗ್ಗ ಭತ್ತ ಬೆಳೀತಾರೆ. 2024ರಲ್ಲಿ ಅಘನಾಶಿನಿ ಅಳಿವೆಗೆ ರಾಮ್ಸರ್ ಮಾನ್ಯತೆಯೂ ಸಿಕ್ತು.
ಪಾಠ ಸಿಂಪಲ್: ನೀರು ಕಡಿಮೆ ಆದರಷ್ಟೇ ತೊಂದರೆ ಅಲ್ಲ. ಹರಿಯೋ ಹೊತ್ತು, ಹರಿಯೋ ರೀತಿ ತಪ್ಪಿದರೂ ಅಳಿವೆ ಸಾಯುತ್ತೆ.

ಭಾಗ 4/6: "ಮಳೆಗಾಲದ ನೀರು ಮಾತ್ರ ತಗೊಳ್ತೀವಿ"
ಎತ್ತಿನಹೊಳೆ ಪರ ಇರೋರು ಹೇಳೋದು ಇದನ್ನೇ. ಸರಿ, ಆದರೆ ಮರಳು, ಮೆಕ್ಕಲು, ಸಾರ ಎಲ್ಲ ಕಡಲಿಗೆ ಹೋಗೋದೂ ಮಳೆಗಾಲದಲ್ಲೇ ಅಲ್ವಾ?
ಲೆಕ್ಕಕ್ಕೆ ಬರೋಣ. 2014ರಲ್ಲಿ ಅಂದಾಜು ವೆಚ್ಚ 12,912 ಕೋಟಿ, ಈಗ 23,000 ಕೋಟಿ ದಾಟಿದೆ. ಸರ್ಕಾರ ಹೇಳೋದು 24 ಟಿಎಂಸಿ. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಅವರ ತಂಡದ ಪ್ರಕಾರ ಅಲ್ಲಿ ಸಿಗೋದೇ 9.55 ಟಿಎಂಸಿ.
ಇನ್ನು ಬೇಸಿಗೆಯಲ್ಲಿ ನದಿ ಹರಿಯೋದು ಘಟ್ಟದ ಕಾಡು ಮಳೆಗಾಲದಲ್ಲಿ ಕುಡಿದಿಟ್ಟ ನೀರಿಂದ. ಕಾಡು ಸೀಳಿ ಪೈಪ್ ಹೂತರೆ ಪೆಟ್ಟು ಬೀಳೋದು ಅಲ್ಲಿಗೇ. 2019ರ ಮೇನಲ್ಲಿ ನೇತ್ರಾವತಿ ಎಷ್ಟು ಬತ್ತಿತ್ತು ಅಂದ್ರೆ, ಯಾತ್ರೆ ಮುಂದೂಡಿ ಅಂತ ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರೇ ಭಕ್ತರನ್ನ ಕೇಳಿಕೊಂಡರು. ಮಂಗಳೂರಲ್ಲಿ ನೀರು ರೇಷನಿಂಗ್ ಆಯ್ತು. "ಹೆಚ್ಚಾಗಿ ಹರಿದು ವೇಸ್ಟ್" ಆಗೋ ನದಿಯ ಕಥೆ ಇದು!

ಭಾಗ 5/6: ಹಾಗಾದ್ರೆ ಕೋಲಾರದವರು ಏನು ಮಾಡಬೇಕು?
ಈ ಪ್ರಶ್ನೆಯಿಂದ ತಪ್ಪಿಸಿಕೊಂಡರೆ ನಾವು ಬರೀ ಕರಾವಳಿ ಸ್ವಾರ್ಥಿಗಳು. ಕೋಲಾರ, ಚಿಕ್ಕಬಳ್ಳಾಪುರದ ಬಾಯಾರಿಕೆ ನಿಜ. ಸಾವಿರ ಅಡಿ ಮೀರಿ ಬೋರ್ ಕೊರೆದರೂ ಬರೋದು ಫ್ಲೋರೈಡ್ ನೀರು. ಅವರಿಗೆ ಶುದ್ಧ ನೀರು ಸಿಗಲೇಬೇಕು.
ಆದರೆ ಅದೇ ಜಿಲ್ಲೆಗಳಲ್ಲಿ ಹಿಂದಿನವರು ಕಟ್ಟಿದ ಸಾವಿರಾರು ಕೆರೆಗಳಿವೆ. ಹೂಳು ತೆಗೀರಿ, ರಾಜಕಾಲುವೆ ಒತ್ತುವರಿ ಬಿಡಿಸಿ. ಪ್ರತಿ ಶಾಲೆ, ಪ್ರತಿ ಸರ್ಕಾರಿ ಕಟ್ಟಡದ ಚಾವಣಿ ನೀರು ಹಿಡೀರಿ. ಬೆಂಗಳೂರಿನ ಕೊಳಚೆ ನೀರನ್ನ ಎರಡು ಹಂತ ಶುದ್ಧ ಮಾಡಿ 2018ರಿಂದ ಕೋಲಾರದ ಕೆರೆಗಳಿಗೆ ಬಿಡ್ತಿದ್ದಾರೆ. ಅಲ್ಲಿನ ರೈತರು ಕೇಳ್ತಿರೋದು ಮೂರನೇ ಹಂತದ ಶುದ್ಧೀಕರಣ. ನದಿ ತಿರುಗಿಸೋಕೆ ದುಡ್ಡಿದೆ, ಅದಕ್ಕಿಲ್ವಾ?
ಇದೇ ನಿಯಮ ಕರಾವಳಿಗೂ. ನದಿ ನಮ್ಮ ತಾಯಿ ಅನ್ನೋ ಊರು ಅದೇ ನದಿಗೆ ಚರಂಡಿ ಬಿಡಂಗಿಲ್ಲ.

ಭಾಗ 6/6: ನೀವು ಏನು ಮಾಡಬಹುದು?
ಬೀಚ್ ಕ್ಲೀನಿಂಗ್ ಮಾಡಿ, ಒಳ್ಳೇದೇ. ಆದರೆ ದಡದಲ್ಲಿ ಪ್ಲಾಸ್ಟಿಕ್ ಹೆಕ್ಕುತ್ತಾ ಕಡಲಿಗೆ ನದಿಯನ್ನೇ ನಿಲ್ಲಿಸಿದ್ರೆ ಏನು ಬಂತು?
ಇನ್ಮೇಲೆ ಯಾರಾದ್ರೂ "ವೇಸ್ಟ್ ಆಗೋ ನೀರು" ಅಂದ್ರೆ ಮೂರು ಪ್ರಶ್ನೆ ಕೇಳಿ: ನಿಜವಾಗ್ಲೂ ಎಷ್ಟು ನೀರಿದೆ, ಅಳೆದವರು ಯಾರು? ಅಳಿವೆಗೆ ಎಷ್ಟು ಉಳಿಸ್ತೀರಿ? ನಿಮ್ಮೂರ ಕೆರೆಗೆ ಏನು ಮಾಡಿದ್ರಿ?
ಮೇಷ್ಟ್ರು ಹೇಳಿದ್ರೂ ಕೇಳಿ, ಮಂತ್ರಿ ಹೇಳಿದ್ರೂ ಕೇಳಿ. ಒಪ್ಪದಿದ್ರೆ ಕಾಮೆಂಟಲ್ಲಿ ಬನ್ನಿ, ವಾದ ಮಾಡೋಣ. ಕೋಲಾರ, ಚಿಕ್ಕಬಳ್ಳಾಪುರದ ಫ್ರೆಂಡ್ಸ್‌ನ ತಪ್ಪದೇ ಟ್ಯಾಗ್ ಮಾಡಿ. ಈ ಮಾತು ಅವರನ್ನ ಬಿಟ್ಟು ಆಡೋದಲ್ಲ.

#ನೇತ್ರಾವತಿ #ಅಘನಾಶಿನಿ #ಕಡಲಿಗೂನದಿಬೇಕು