ಆಲ್ಬಮಿನ ಉಳಿದ ಹಾಡುಗಳು

ಕೊರಿಯಾದ ಪಾಪ್ ಸಂಗೀತವನ್ನು ಮೆಚ್ಚುವವರು ನಮ್ಮ ತರಗತಿಗಳಲ್ಲಿಯೂ ಇದ್ದಾರೆ. ಆ ಮೆಚ್ಚುಗೆಯ ಬಗ್ಗೆ ನನ್ನ ತಕರಾರಿಲ್ಲ. ತಕರಾರಿರುವುದು ಕೇಳುವ ಕ್ರಮದ ಬಗ್ಗೆ. ಆಲ್ಬಮಿನಲ್ಲಿ ಹತ್ತು ಹಾಡುಗಳಿದ್ದರೂ ಬಹುಮಂದಿ ಕೇಳುವುದು ಒಂದನ್ನೇ. ಆ ಒಂದನ್ನು ಆರಿಸಿಕೊಟ್ಟದ್ದು ಕೇಳುಗನ ಕಿವಿಯಲ್ಲ, ಪ್ರಚಾರದ ಲೆಕ್ಕಾಚಾರ.

ಅಲ್ಲಿನ ಪದ್ಧತಿಯಂತೆ ಪ್ರತಿ ಆಲ್ಬಮಿನಲ್ಲಿ ಸಾಮಾನ್ಯವಾಗಿ ಒಂದು ಹಾಡು ‘ಟೈಟಲ್’ ಎನಿಸಿಕೊಳ್ಳುತ್ತದೆ. ಅದಕ್ಕೆ ಆಲ್ಬಮಿನ ಹೆಸರೇ ಇರಬೇಕೆಂದಿಲ್ಲ. ಪ್ರಚಾರಕ್ಕೆ ಮುಂದಿಟ್ಟ ಹಾಡೆಂದಷ್ಟೇ ಅರ್ಥ. ವಿಡಿಯೊ, ನೃತ್ಯಸಂಯೋಜನೆ, ‘ಮ್ಯೂಸಿಕ್ ಬ್ಯಾಂಕ್’, ‘ಇಂಕಿಗಾಯೊ’ ಮೊದಲಾದ ವಾರದ ಟಿ.ವಿ. ಕಾರ್ಯಕ್ರಮಗಳು ಬಹುಪಾಲು ಅದಕ್ಕೇ ಮೀಸಲು. ಉಳಿದವನ್ನು ಕೊರಿಯನ್ನರು ‘ಸುರೊಕ್‌ಗೊಕ್’, ಅಂದರೆ ‘ಒಳಗೊಂಡ ಹಾಡು’ ಎನ್ನುತ್ತಾರೆ. ಮೂರು ನಿಮಿಷದ ವೇದಿಕೆಗೆ ತಟ್ಟನೆ ಹಿಡಿಯುವ ಪಲ್ಲವಿ ಬೇಕು, ಕುಣಿತಕ್ಕೆ ಎಡೆ ಬೇಕು. ಮೆಲುದನಿಯ ಹಾಡು ಅಲ್ಲಿ ಹಿಂದುಳಿಯುವುದು ಸಹಜ. ಹಿಂದುಳಿದ ಮಾತ್ರಕ್ಕೆ ಅದು ಕೀಳಲ್ಲ.

ಐಯು ಎಂಬ ಗಾಯಕಿಯ ‘ಚಾಟ್‌-ಶೈರ್’ (2015) ಆಲ್ಬಮನ್ನು ನೋಡಿ. ಅದರ ಟೈಟಲ್ ಹಾಡು ‘ಇಪ್ಪತ್ತಮೂರು’, ತನ್ನನ್ನು ನೋಡುತ್ತಿರುವ ಜಗತ್ತನ್ನು ಕೆಣಕುವ ಜಾಣೆಯ ಮಾತು. ಅದೇ ಆಲ್ಬಮಿನ ‘ಮುರುಪ್’ ಎಂಬ ಹಾಡಿನಲ್ಲಿ ನಿದ್ರೆ ಬಾರದ ಜೀವವೊಂದು ಬಾಲ್ಯದ ಮಡಿಲನ್ನು ಹಂಬಲಿಸುತ್ತದೆ. ಆ ಪದದ ನೇರ ಅರ್ಥ ಮೊಣಕಾಲು. ಹಾಡಿನ ಭಾವಕ್ಕೆ ಒಪ್ಪುವ ಕನ್ನಡ ಪದ ಮಡಿಲು. ಎರಡನ್ನೂ ಬರೆದವಳು ಐಯು. ಮೊದಲನೆಯದನ್ನು ಮಾತ್ರ ಕೇಳಿದವರಿಗೆ ಆ ಜಾಣತನದ ಹಿಂದಿನ ದಣಿವು ತಿಳಿಯದು.

ಎಫ್‌ಎಕ್ಸ್ ತಂಡದ ‘ಪಿಂಕ್ ಟೇಪ್’ (2013) ಇನ್ನೊಂದು ನಿದರ್ಶನ. ಅದರ ಟೈಟಲ್ ಹಾಡಿನ ಕೊರಿಯನ್ ಹೆಸರಿನಲ್ಲಿ ಶ್ಲೇಷೆಯಿದೆ: ‘ಮೊದಲ ಪ್ರೀತಿ’ ಎಂಬ ಮಾತು, ದವಡೆಯ ಕೊನೆಯಲ್ಲಿ ನೋವಿನೊಡನೆ ಮೂಡುವ ಹಲ್ಲಿನ ಹೆಸರು, ಎರಡೂ ಒಂದರಲ್ಲೊಂದು ಬೆರೆತಿವೆ. ಅದೇ ಆಲ್ಬಮಿನ ‘ಗುಡ್‌ಬೈ ಸಮ್ಮರ್’ ಗೆಳೆತನದ ಹೆಸರಿನ ಹಿಂದೆ ಅಡಗಿ, ಹೇಳದೆ ಉಳಿದ ಶಾಲಾದಿನಗಳ ಪ್ರೀತಿಯನ್ನು ನೆನೆಯುತ್ತದೆ. ಒಂದರಲ್ಲಿ ತುಂಟತನದ ನೋವು, ಇನ್ನೊಂದರಲ್ಲಿ ಮೌನದ ನೋವು. ಎರಡನ್ನೂ ಕೇಳಿದಾಗ ಟೈಟಲ್ ಹಾಡೂ ಹೆಚ್ಚು ಅರ್ಥವಾಗುತ್ತದೆ.

ಉಳಿದ ಹಾಡುಗಳೆಲ್ಲ ರತ್ನಗಳೆಂದು ನಾನು ಹೇಳುತ್ತಿಲ್ಲ. ಸಂಖ್ಯೆ ತುಂಬಲು ಸೇರಿದವೂ ಇರುತ್ತವೆ. ಯಾರೂ ಕೇಳದ ಹಾಡನ್ನು ತಾನು ಕೇಳಿದೆನೆಂಬ ಹೆಮ್ಮೆಯೂ ರಸಿಕತೆಯಲ್ಲ. ಆದರೆ ಯಾವುದು ರತ್ನ, ಯಾವುದು ಕಲ್ಲು ಎಂಬ ತೀರ್ಮಾನ ಕೇಳಿದ ಬಳಿಕ ನಮ್ಮದಾಗಬೇಕು.

ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಿಗೆ ಈ ಮಾತು ಹೊಸದಾಗಬಾರದು. ಪಠ್ಯಪುಸ್ತಕದ ಒಂದು ಕವಿತೆಯನ್ನೋದಿ ಕವಿಯನ್ನೇ ಬಲ್ಲೆವೆಂದುಕೊಳ್ಳುವ ಅಪಾಯ ನಮಗೂ ಇದೆ. ಪಠ್ಯಕ್ಕೆ ಆರಿಸಿದವರಿಗೆ ಪುಟಗಳ ಮಿತಿಯಿತ್ತು, ಪರೀಕ್ಷೆಯ ಚಿಂತೆಯಿತ್ತು. ನಮಗೆ ಆ ಕಟ್ಟುಗಳಿಲ್ಲ. ಇತರರು ಆರಿಸಿದ್ದನ್ನೇ ನಮ್ಮ ಅಭಿರುಚಿಯೆಂದು ನಂಬುತ್ತ ಹೋದರೆ ವಿಮರ್ಶೆಗೆ ಬೇಕಾದ ಸ್ವಂತ ಕಿವಿ ಬೆಳೆಯುವುದಿಲ್ಲ. ಆದ್ದರಿಂದ ಮುಂದಿನ ಸಲ ಮೆಚ್ಚಿನ ತಂಡದ ಆಲ್ಬಮ್ ಬಂದಾಗ, ಮೊದಲಿನಿಂದ ಕೊನೆಯವರೆಗೆ ಅದೇ ಅನುಕ್ರಮದಲ್ಲಿ ಒಮ್ಮೆ ಕೇಳಿ. ಗ್ರಂಥಾಲಯದಲ್ಲಿ ಪಠ್ಯದ ಕವಿಯ ಇಡೀ ಸಂಕಲನವನ್ನೂ ಹಾಗೆಯೇ ಒಮ್ಮೆ ಓದಿ.